ಎರಡು ಬಿಲ್ಲೆ, ಹತ್ತು ದಿನದ ರಜೆ

ಲೋಹದ ಬಿಲ್ಲೆಗಳ ಮೇಲೆ ಗುರುತನ್ನು ಸೂಜಿಯಿಂದ ಗೀಚುವ ಬದಲು ಸ್ಕೆಚ್ ಪೆನ್ನಿನಲ್ಲಿ ಬರೆದದ್ದೇ ಭೂತಗನ್ನಡಿ ಮಾಡಿದ ತಪ್ಪು. ಹಗಲೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿ ಕೂರುವ ಆತನಿಗೆ ಪ್ರಯೋಗಾಲಯದವರು ಇಟ್ಟ ಹೆಸರದು.

ಎರಡೂ ಬಿಲ್ಲೆಗಳು ಐದು ಲೋಹಗಳನ್ನು ಸಮಪಾಲು ಬೆರೆಸಿದಂಥವು. ಒಂದು ಅಚ್ಚಿಗೆ ಎರಕ ಹೊಯ್ದದ್ದು. ಇನ್ನೊಂದು ಲೇಸರಿನಿಂದ ಪುಡಿ ಕರಗಿಸಿ ಪದರದ ಮೇಲೆ ಪದರ ಮುದ್ರಿಸಿದ್ದು. ಅವುಗಳ ಒಳಗಿನ ಹೆಣಿಗೆ ಹೇಗೆ ಬೇರೆ ಎಂದು ಮೂರು ಗಂಟೆಗೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂಗೆ ತೋರಿಸಿದರೆ ಹತ್ತು ದಿನ ರಜೆ. ಪ್ರವಾಸಕ್ಕೆಂದು ಮೂರು ವರ್ಷದಿಂದ ಕಾದಿದ್ದ ಹೆಂಡತಿ ಸಂಜೆಯ ರೈಲಿಗೆ ಸೂಟ್‌ಕೇಸ್ ತುಂಬಿ ಕೂತಿದ್ದಳು.

ಬೆಳಿಗ್ಗೆ ಬಂದು ನೋಡಿದರೆ ಬಿಲ್ಲೆಗಳು ಫಳಫಳ, ಬರಹ ಮಾಯ!

"ಕೊಳಕಾಗಿತ್ತಪ್ಪಾ, ಸ್ಪಿರಿಟ್ ಹಾಕಿ ಒರೆಸ್ದೆ," ಎಂದ ಕುಲುಮೆ ನೋಡಿಕೊಳ್ಳುವ ಹಿರಿಯ, ಶಭಾಷ್ ಎನ್ನಲಿ ಎಂಬಂತೆ.

"ಅಯ್ಯೋ ಅಣ್ಣಾ, ಯಾವ್ದು ಯಾವ್ದು ಅಂತ ಈಗ ಹೆಂಗೆ ಗೊತ್ತಾಗ್ಬೇಕು?"

"ತೂಕ ಹಾಕು."

ತೂಕ ಒಂದೇ ಇತ್ತು.

"ಬೀಳಿಸಿ ಸದ್ದು ಕೇಳು. ಪಾತ್ರೆ ಕೊಳ್ಳುವಾಗ ನಾನು ಹಂಗೇ ಮಾಡೋದು," ಎಂದಳು ಟೈಪಿಸ್ಟ್ ಅಕ್ಕ. ಬೀಳಿಸಿದ್ದು ಬೀರುವಿನ ಕೆಳಗೆ ಉರುಳಿತು. ಅದನ್ನು ತೆಗೆದು ಎದ್ದಾಗ ಭೂತಗನ್ನಡಿಯ ತಲೆ ನೆಲ ಒರೆಸುವ ಬಟ್ಟೆಯಂತಾಗಿತ್ತು.

ಆಗ ಬುದ್ಧಿ ಬಂತು. ಒಳಗೇ ನೋಡಿದರಾಯಿತಲ್ಲ! ಮುದ್ರಿಸಿದ್ದರಲ್ಲಿ ಲೇಸರ್ ಓಡಿದ ಗುರುತು ಮೀನಿನ ಹುರುಪೆಯಂತೆ ಕಾಣುತ್ತದೆ. ಎರಕದ್ದರಲ್ಲಿ ಗಿಡದ ಕೊಂಬೆಗಳಂತೆ. ಉಜ್ಜಿ, ಆಮ್ಲದಲ್ಲಿ ಅದ್ದಿ ನೋಡಿದ. ಹುರುಪೆಯೂ ಇಲ್ಲ, ಕೊಂಬೆಯೂ ಇಲ್ಲ. ಎರಡರಲ್ಲೂ ಒಂದೇ ಬಗೆಯ ಹರಳುಗಳು.

"ಅಣ್ಣಾ, ಒರೆಸಿ ಆಮೇಲೇನ್ ಮಾಡ್ದೆ?"

"ಒದ್ದೆ ಇತ್ತಲ್ಲ, ಕುಲುಮೇಲಿಟ್ಟು ಮನೆಗೆ ಹೋದೆ. ಸಾವಿರದ ಇನ್ನೂರು ಡಿಗ್ರಿ. ಕಪ್ಪಾಗ್ಬಾರ್ದು ಅಂತ ಒಳಗಿನ ಗಾಳೀನೂ ತೆಗೆದಿದ್ದೆ!"

ರಾತ್ರಿಯಿಡೀ ಆ ಬಿಸಿಗೆ ಎರಡರ ಹೆಣಿಗೆಯೂ ಅಳಿಸಿ ಒಂದೇ ಆಗಿಹೋಗಿತ್ತು. ಮೂರು ಗಂಟೆಗೆ ಭೂತಗನ್ನಡಿ ಎಲ್ಲ ಒಪ್ಪಿಕೊಂಡ. ಮೇಡಂ ನಕ್ಕುಬಿಟ್ಟರು.

"ಹೋಗ್ಲಿ ಬಿಡಿ. ನನ್ನ ಬೀರುನಲ್ಲಿ ಇನ್ನೂ ನಲವತ್ತು ಬಿಲ್ಲೆ ಇವೆ. ರಜೆ ಮುಗಿಸ್ಕೊಂಡು ಬಂದು ನೋಡಿ," ಎಂದು ರಜೆ ಚೀಟಿಗೆ ಸಹಿ ಹಾಕಿಯೇಬಿಟ್ಟರು.

ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಬಾಗಿಲವರೆಗೆ ಹೋದವನು ಸುಮ್ಮನೆ ಹೋಗಬಾರದಿತ್ತೇ? ಬೆಳಿಗ್ಗೆಯಿಂದ ತಲೆ ಕೊರೆಯುತ್ತಿದ್ದ ಕುತೂಹಲ ಬಿಡಲಿಲ್ಲ.

"ಮೇಡಂ, ಆ ಹುರುಪೆ ಸರಿಯಾಗಿ ಎಷ್ಟು ಬಿಸಿಗೆ ಮಾಯ ಆಗತ್ತೆ?"

ಮೇಡಂ ಕನ್ನಡಕ ತೆಗೆದರು. ಕಣ್ಣು ಹೊಳೆಯಿತು.

"ಒಳ್ಳೇ ಪ್ರಶ್ನೆ ಕಣ್ರೀ! ನಲವತ್ತು ಬಿಲ್ಲೆ, ನಲವತ್ತು ಬಿಸಿ. ಇವತ್ತೇ ಶುರು ಮಾಡಿ. ಆ ಚೀಟಿ ಇಲ್ಲಿ ಕೊಡಿ."

ರೈಲು ಹೊರಡುವ ಹೊತ್ತಿಗೆ ಆತ ನಲವತ್ತನೆಯ ಬಿಲ್ಲೆಯ ಮೇಲೆ ಸೂಜಿಯಿಂದ ಅಂಕಿ ಗೀಚುತ್ತಿದ್ದ. ಫೋನಿನಲ್ಲಿ ಹೆಂಡತಿ, "ನಾನು ಹತ್ತಿದೀನಿ. ನಿಮ್ಮ ಸೀಟಲ್ಲಿ ಸೂಟ್‌ಕೇಸ್ ಕೂತಿದೆ," ಎಂದು ಪಟ್ಟನೆ ಇಟ್ಟಳು.

ಹಿಂದಿನಿಂದ ಹಿರಿಯ ಇಣುಕಿದ, ಕೈಯಲ್ಲಿ ಉಪ್ಪುಕಾಗದ.

"ಇದೇನಪ್ಪಾ, ಎಲ್ಲಾದ್ರ ಮೇಲೂ ಗೀರು ಬಿದ್ದಿದೆ? ನೀನು ಟೀ ಕುಡ್ಕೊಂಡು ಬಾ, ನಾನು ಉಜ್ಜಿಟ್ಟಿರ್ತೀನಿ."