ಮಾವನವರ ಹೊಲದಲ್ಲಿ ಸಿಕ್ಕ ಆದಿಮಾನವ

ಆನೆಗೊಂದಿಯ ಹತ್ತಿರ, ಹೊಳೆಯ ದಂಡೆಗೆ ಅಂಟಿಕೊಂಡ ಹೊಲ. ಬೇವಿನ ಮರದ ಕೆಳಗೆ ಊಟಕ್ಕೆ ಕುಳಿತವರು ನಾಲ್ಕೇ ಜನ: ಮಾವ ಶಿವನಗೌಡರು, ಅತ್ತೆ, ನನ್ನ ಹೆಂಡತಿ ಶಾರದಾ, ಮತ್ತು ಕುಷ್ಟಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ಕಲಿಸುವ ನಾನು. ಭತ್ತದ ಕೊಯ್ಲು ಮುಗಿದಿತ್ತು. ಎದ್ದು ಹೋಗಲಾರದ ಮೂರು ಜೋಡಿ ಕಿವಿ ಸಿಕ್ಕಿದ್ದರಿಂದ ನರ್ಮದಾ ಕಣಿವೆಯ ಪಾಠ ತೆಗೆದೆ.

"ಲಕ್ಷಾಂತರ ವರ್ಷದ ಹಿಂದಿನ ಮನುಷ್ಯಾನ ತಲಿಬುರುಡಿ ಅಲ್ಲಿ ಹೊಳಿ ದಂಡ್ಯಾಗ ಸಿಕ್ಕೈತ್ರಿ ಮಾಮಾರ. ನಮ್ಮ ತುಂಗಭದ್ರಾ ಏನ್ ಕಡಿಮಿ ಐತ್ರಿ?"

ಮಾವ ರೊಟ್ಟಿ ಮುರಿಯುತ್ತಾ, "ಹೊಳಿ ಕಡಿಮಿ ಇಲ್ರಿ ಅಳಿಯಂದ್ರ. ಹುಡುಕವ್ರು ಕಡಿಮಿ ಅದಾರ," ಎಂದರು.

ಅದು ಚೇಷ್ಟೆಯೆಂದು ಶಾರದಾಗೆ ತಿಳಿಯಿತು. ನನಗೆ ಸರ್ಕಾರಿ ಆದೇಶದಂತೆ ಕೇಳಿಸಿತು! ಮದುವೆಯಾಗಿ ಹತ್ತು ವರ್ಷವಾದರೂ 'ಹೊಲದಾಗ ಕಡ್ಡಿ ಎತ್ತಿಡದ ಅಳಿಯ' ಎಂಬ ಬಿರುದು ನನ್ನ ಬೆನ್ನು ಬಿಟ್ಟಿರಲಿಲ್ಲ. ಮಾವನವರ ಕಣ್ಣಲ್ಲಿ ಒಮ್ಮೆಯಾದರೂ ಮೇಲೇರಬೇಕಿತ್ತು.

ಮರುದಿನ ಅತ್ತೆ-ಮಾವ ಬಟ್ಟೆ ತರಲು ಗಂಗಾವತಿಗೆ ಹೋದರು. ನಾನು ಗುದ್ದಲಿ ಹೊತ್ತು ಹೊಲಕ್ಕೆ ಹೋದೆ. ಬದುವಿನ ಮೂಲೆಯಲ್ಲಿ ಮೊಣಕಾಲೆತ್ತರದ ಕಲ್ಲೊಂದು ನೆಟ್ಟಗೆ ನಿಂತಿತ್ತು. ಯಾವ ಕಲ್ಲೂ ತಾನಾಗಿ ಹಾಗೆ ನಿಲ್ಲುವುದಿಲ್ಲ. ಆದಿಮಾನವನೇ ನಿಲ್ಲಿಸಿರಬೇಕು. ಬೇರೆ ಯಾರಿಗೆ ಅಷ್ಟು ಪುರುಸೊತ್ತು? ಎರಡು ತಾಸು ಅಗೆದೆ. ಮೊಳದುದ್ದದ ತೊಡೆಯೆಲುಬು!

ಊಟಕ್ಕೆ ಕರೆಯಲು ಬಂದ ಶಾರದಾ ಬಗ್ಗಿ ನೋಡಿದಳು. "ಏನ್ರೀ, ಇದು ದನದ ಎಲುಬು ಇದ್ದಂಗ ಐತಿ. ಅಪ್ಪ ಬರ್ಲಿ, ಒಂದ್ಮಾತು ಕೇಳೂಣು."

"ವಿಜ್ಞಾನ ಯಾರ ಅಪ್ಪನ್ನೂ ಕೇಳಿ ಮುಂದ ಹೋಗಿಲ್ಲ!" ಎಂದೆ.

ಎಲುಬನ್ನು ತೊಳೆದು, ಮನೆಯ ಕಟ್ಟೆಯ ಮೇಲೆ ಮಾವನವರ ಮಡಿ ಧೋತರ ಹಾಸಿ ಒಣಗಲಿಟ್ಟೆ. ಓಣಿಯ ಜನ ಸೇರಿದರು. ಮಾಸ್ತರನ ನಾಲಿಗೆ ಸುಮ್ಮನಿರಬೇಕಲ್ಲ! ತೊಡೆಯ ಲೆಕ್ಕದಲ್ಲಿ ಈತ ಎಂಟಡಿ ಎತ್ತರದವನೆಂದು ಘೋಷಿಸಿದೆ. ಗುಂಡಿಯಲ್ಲೇ ಸಿಕ್ಕಿದ್ದ, ತುಕ್ಕು ಹಿಡಿದ ಬಾಗಿದ ಕಬ್ಬಿಣದ ತುಂಡನ್ನು ಪಕ್ಕದ ಮನೆಯ ಹನುಮವ್ವ ಎತ್ತಿ ತೋರಿಸಿದಳು.

"ಇದೇನ್ರಿ ಮಾಸ್ತರ?"

"ಕಾಲಿಗೆ ಕಟ್ಕೊಂತಿದ್ದ ಕಾಣಸ್ತೈತಿ ಯವ್ವಾ. ಈಗಿನ ಚಪ್ಪಲಿಯ ಮುತ್ತಜ್ಜ!"

"ಹಂಗಾರ ಇಂವಾ ಲಾಳ ಹೊಡಿಸ್ಕೊಂಡಿದ್ನೇನ್ರಿ?"

ಜನ ನಕ್ಕರು. ನಾನೂ ನಕ್ಕೆ, ಗುರುವಿಗೆ ಒಪ್ಪುವಷ್ಟು.

ಆಗ ಮಾವ ಬಂದರು. ಗುಂಪು ದಾರಿ ಬಿಟ್ಟಿತು. ಎಲುಬು ನೋಡಿದರು. ಹನುಮವ್ವನ ಕೈಯಿಂದ ಕಬ್ಬಿಣ ಇಸಿದುಕೊಂಡು ತಿರುವಿ ನೋಡಿದರು. ಆಮೇಲೆ ತಲೆಯ ರುಮಾಲು ತೆಗೆದರು.

"ಅಳಿಯಂದ್ರ, ಇಂವಾ ನಮ್ಮ ಕೆಂದ. ಹದಿನಾಕು ವರ್ಷ ಈ ಹೊಲಾ ಉತ್ತ ಎತ್ತು. ಮನಿಮಗ ಹೋದಂಗ ವಿಭೂತಿ ಹಚ್ಚಿ ಮಣ್ಣು ಕೊಟ್ಟಿದ್ವಿ. ನೀವು ಎಬ್ಬಿಸಿ ಕಟ್ಟಿಮ್ಯಾಲ ಕುಂದ್ರಿಸೀರಿ."

ಕೆಂದ ಸತ್ತಾಗ ಶಾರದಾ ನನ್ನೊಡನೆ ಕುಷ್ಟಗಿಯಲ್ಲಿದ್ದಳು. ಎಲ್ಲಿ ಹೂಳಿದರೆಂದು ಅವಳಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಅವಳು ನನ್ನನ್ನು ನೋಡಿದ ನೋಟಕ್ಕೆ ಹೋಲಿಸಿದರೆ ಮಾವನವರ ಮಾತೇ ಮೆತ್ತಗಿತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಎಂಟಡಿಯ ಪಾಠ ಮಾಡಿದ ಬಾಯಿಂದ ಒಂದಂಗುಲ ಮಾತೂ ಹೊರಡಲಿಲ್ಲ!

ಸಂಜೆ ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ಎಲುಬನ್ನೂ ಲಾಳವನ್ನೂ ಮರಳಿಟ್ಟು ಗುಂಡಿ ಮುಚ್ಚಿದೆ. ಅತ್ತೆ ಕೊಟ್ಟ ತೆಂಗಿನಕಾಯಿ ಒಡೆದೆ. ಎತ್ತಿಗೆ ಅಡ್ಡಬಿದ್ದೆ. ಮಾವ ಹತ್ತಿರವೇ ನಿಂತಿದ್ದರು. ಅವರ ಪಾದಗಳಿಗೂ ಅದೇ ನಮಸ್ಕಾರ ಸಲ್ಲಲಿ ಎಂದು ಸ್ವಲ್ಪ ಓರೆಯಾಗಿಯೇ ಬಿದ್ದೆ.

ನಾವು ಕುಷ್ಟಗಿಗೆ ಮರಳಿದ ವಾರಕ್ಕೆ ಮಾವ ಆ ಮೂಲೆಗೆ ಸುತ್ತಲೂ ಜಾಲಿಮುಳ್ಳಿನ ಬೇಲಿ ಹಾಕಿದರಂತೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ, "ನರಿ ಕಾಟ ಏನ್ರಿ ಗೌಡ್ರ?" ಎಂದು ಕೇಳಿದನಂತೆ.

"ಇಲ್ಲೋ ತಮ್ಮಾ," ಎಂದರಂತೆ ಮಾವ. "ಉಗಾದಿಗೆ ಅಳಿಯ ಬರಾವ ಅದಾನ."