ಬಂಗಾಳದ ಹೊಳೆ, ಮಾವನ ಬಾವಿ

ನೀರೇ ಇಲ್ಲದ ಸೀಮೆಯೋನಿಗೆ ನೀರಿನ ಮೇಲೆ ಎಂಥ ಯುದ್ಧ ಅಂತ ಬಂಗಾರಪೇಟೆ ಸ್ಟೇಷನ್ ಮುಂದಿನ ಟೀ ಅಂಗಡಿಯಲ್ಲಿ ಇವತ್ತಿಗೂ ನನ್ನನ್ನ ಕೆಣಕ್ತಾರೆ. ನಾನೇನು ಮಾಡ್ಲಿ? ನಾನು ಸುಮ್ಮನೆ ಕೂತಿದ್ರೂ ನೀರು ನನ್ನನ್ನ ಹುಡುಕ್ಕೊಂಡು ಬರುತ್ತೆ. ಮೊನ್ನೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹತ್ರ ಚರಂಡಿ ಉಕ್ಕಿ ರಸ್ತೆ ತುಂಬಾ ನೀರು ನಿಂತಿತ್ತು. ಆಟೋದವನು ಬ್ರೇಕ್ ಹಾಕಿ, "ತಾತಾ, ನೀನು ನೇವಿಯೋನಲ್ವಾ, ಇಳಿದು ಆಳ ನೋಡು" ಅಂದ. ಇಳಿದೆ. ಪಾದ ನೆನೆಯೋ ಅಷ್ಟೂ ಇರಲಿಲ್ಲ. "ನೋಡ್ದಾ, ಯುದ್ಧ ಕಂಡ ಕಾಲು ಇಟ್ಟ ತಕ್ಷಣ ನೀರೇ ಹೆದರಿ ಇಳಿದೋಯ್ತು" ಅಂದೆ. ಅವನು ನಂಬಲಿಲ್ಲ. ನೀವಾದ್ರೂ ನಂಬಿ. ಶಾಲೆಗೆ ಹೋದವನಲ್ಲ ನಾನು, ಪೇಪರ್ ಓದ್ತಾ ಓದ್ತಾ ನಾನೇ ಅಕ್ಷರ ಕಲಿತವನು. ಕಾಗುಣಿತ ತಪ್ಪಿರಬಹುದು, ಕಥೆ ತಪ್ಪಿಲ್ಲ.

೧. ಹೊಳೆ ದಾಟಿದವನು

ಬಾಂಗ್ಲಾ ಯುದ್ಧದ ಕಾಲ. ನನಗೆ ಆಗ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಆದ್ರೆ ಧೈರ್ಯ ಪೂರ್ತಿ ಬಂದಿತ್ತು. ಕ್ಯಾಸಂಬಳ್ಳಿಯ ಸೋದರಮಾವನ ಮಗಳ ಮೇಲೆ ಮನಸ್ಸಿತ್ತು. ಅವಳಿಗೂ ಇತ್ತು. ಇಲ್ಲದೆ ಇದ್ದದ್ದು ಮಾವನಿಗೆ ಮಾತ್ರ. ಚಿಕ್ಕಂದಿನಲ್ಲಿ ಅವರ ಬಾವಿ ಇಣುಕಿ ನೋಡಿ ನಾನು ನಡುಗಿದ್ದನ್ನ ಆತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದ.

ಯುದ್ಧದ ದೋಣಿಗೆ ಅಡುಗೆಯೋರು ಬೇಕಂತೆ, ಹೋಗ್ತೀನಿ ಅಂದಾಗ ಮಾವ ಜಗಲಿ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

"ಬಾವಿ ಕಂಡ್ರೆ ಉಚ್ಚೆ ಉಯ್ಕೊಳ್ಳೋನು ಯುದ್ಧದ ದೋಣಿಗೆ ಓಗ್ತಾನಂತೆ. ಓಗ್ಲಾ, ಓಗು. ಯುದ್ಧ ಮುಗಿಯಗಂಟ ಅಲ್ಲೇ ಇದ್ದು ಬಾ, ಮಗಳ್ನ ಕೊಡ್ತೀನಿ. ನಡುವೇನೇ ಓಡ್ಬಂದ್ಯೋ, ಕ್ಯಾಸಂಬಳ್ಳಿ ಬಸ್ಸು ಅತ್ತಬ್ಯಾಡ."

ಹೀಗೆ ನನ್ನ ಮದುವೆ ಯುದ್ಧದ ಮೇಲೆ ನಿಂತ್ಕೊಂಡಿತು. ದೇಶ ಗೆದ್ದರೆ ಸಾಲದು, ನಾನು ದೋಣಿಯಲ್ಲೇ ಇರುವಾಗ ಗೆಲ್ಲಬೇಕು.

ಆಳು ಆರಿಸೋ ಕಡೆ ಒಬ್ಬ ದಪ್ಪ ಮೀಸೆ ಪಂಜಾಬಿ ಸಾಹೇಬರು ಕೂತಿದ್ದರು. ಮುಂದೆ ಅವರೇ ನಮ್ಮ ದೋಣಿಗೆ ಯಜಮಾನರಾದರು. "ಈಜು ಬರುತ್ತಾ?" ಅಂತ ಕೇಳಿದರು.

"ಸಾರ್, ನಮ್ಮ ಸೀಮೆ ಪಾಲಾರ್ ಹೊಳೇನ ದಿನಾ ದಾಟಿ ಎಮ್ಮೆ ಮೇಯಿಸಿದವನು ನಾನು. ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ."

"ತಲೆ ಮೇಲೆ ಏನಾದ್ರೂ ಹೊತ್ಕೊಂಡು ದಾಟಬಲ್ಲೆಯಾ?"

"ಹುಲ್ಲಿನ ಹೊರೆ ಹೊತ್ಕೊಂಡೇ ದಾಟ್ತಿದ್ದೆ ಸಾರ್. ಒಂದು ದಿನಾನೂ ಹುಲ್ಲು ನೆಂದಿಲ್ಲ."

ಸಾಹೇಬರು ಎದ್ದು ನಿಂತು ಬೆನ್ನು ತಟ್ಟಿದರು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಪಾಲಾರಿನಲ್ಲಿ ಮರಳು ಬಿಟ್ಟು ಬೇರೇನೂ ಇರಲ್ಲ ಅನ್ನೋದನ್ನ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

೨. ಮೊಳೆಗೆ ತೂಗಿದ ಬಿಲ್ಲೆ

ನಮ್ಮ ದೋಣಿ ನೋಡೋಕೆ ತೇಲೋ ಬೆಂಕಿಪೊಟ್ಟಣ. ತಳ ಚಪ್ಪಟೆ. ಮುಂದಿನ ಗೋಡೆ ಬಾಗಿಲ ಹಾಗೆ ಕೆಳಕ್ಕೆ ಬೀಳುತ್ತೆ, ಅದರ ಮೇಲಿಂದ ಜೀಪು, ಸಿಪಾಯಿಗಳು ಎಲ್ಲ ದಡಕ್ಕೆ ಇಳೀತಾರೆ. ಅವರನ್ನ ಇಳಿಸಿದ ಮೇಲೆ ಅದೇ ದೋಣಿಯಲ್ಲಿ ಬಂದೂಕು ಹಿಡಿದು ಹೊಳೆ ಕಾಯೋದು. ಹೊಳೆ ಅಂದ್ರೆ ನಮ್ಮ ಬೇತಮಂಗಲದ ಕೆರೆಯಂಥ ನೂರು ಕೆರೆ ಸಾಲಾಗಿ ನಡ್ಕೊಂಡು ಹೋದ ಹಾಗೆ. ಅಲ್ಲಿನ ಮೀನು ಆಕಳಿಸಿದ್ರೆ ನಮ್ಮ ದೋಣಿ ಅಲ್ಲಾಡ್ತಿತ್ತು.

ಎಂಜಿನ್ ನೋಡ್ಕೊಳ್ಳೋನು ನನ್ನ ಅದೃಷ್ಟಕ್ಕೆ ನಮ್ಮ ಕಡೆಯವನೇ, ನಂದಿದುರ್ಗ ಗಣಿಯ ಲೈನ್ ಮನೆಯ ತಮಿಳು ಹುಡುಗ. ಅಪ್ಪ, ತಾತ ಎಲ್ಲ ಚಿನ್ನ ಅಗೆಯೋಕೆ ಭೂಮಿ ಒಳಕ್ಕೆ ಇಳಿದವರು. ತಲೆ ಮೇಲೆ ಆಕಾಶ ಇದ್ರೆ ಅವನಿಗೆ ತಲೆ ಸುತ್ತು. ಎಂಜಿನ್ ಗುಂಡಿಯೊಳಗೆ ಕೂತ್ರೆ ಮಾತ್ರ ನೆಮ್ಮದಿ.

ಗಣಿಯಲ್ಲಿ ಒಂದು ಪದ್ಧತಿ. ಒಳಗೆ ಇಳಿಯೋವಾಗ ನಿಮ್ಮ ಹಿತ್ತಾಳೆ ಬಿಲ್ಲೆಯನ್ನ ಮೊಳೆಗೆ ತೂಗಿಸಿ ಹೋಗಬೇಕು, ಮೇಲೆ ಬಂದಾಗ ತಗೋಬೇಕು. ಬಿಲ್ಲೆ ಮೊಳೆಯಲ್ಲೇ ಉಳೀತು ಅಂದ್ರೆ ಮನುಷ್ಯ ಒಳಗೇ ಉಳಿದ ಅಂತ ಅರ್ಥ. ಆಗ ಸೈರನ್, ಓಡಾಟ, ಹೆಂಗಸರ ಅಳು. ನಮ್ಮ ಹುಡುಗ ಅದೇ ಪದ್ಧತೀನ ದೋಣಿಗೆ ತಂದ. ಹಾಲಿನ ಪುಡಿ ಡಬ್ಬದ ತಗಡು ಕತ್ತರಿಸಿ ಎಲ್ಲರಿಗೂ ಬಿಲ್ಲೆ ಮಾಡಿಕೊಟ್ಟ. ದಡಕ್ಕೆ ಇಳಿಯೋವಾಗ ತೂಗಿಸು, ಹತ್ತಿದ ಮೇಲೆ ತಗೋ. ಸಾಹೇಬರಿಗೆ ಬಲು ಇಷ್ಟವಾಯಿತು.

ಒಂದು ಬೆಳಿಗ್ಗೆ ಸೌದೆ ತರೋಕೆ ದಡಕ್ಕೆ ಇಳಿದೆ. ಮಂಜು ಎಂಥದ್ದು ಅಂದ್ರೆ ಮೂಗು ಕೆರೆಯೋಕೆ ಕೈ ಎತ್ತಿದ್ರೆ ಮೂಗು ಸಿಗ್ತಿರಲಿಲ್ಲ. ವಾಪಸ್ ಬಂದೆ, ಬಿಲ್ಲೆ ತಗೊಳ್ಳೋದು ಮರೆತೆ, ಅಕ್ಕಿ ಮೂಟೆಗಳ ಹಿಂದೆ ಬೆಚ್ಚಗೆ ಮಲಗಿಬಿಟ್ಟೆ. ದೋಣಿ ಹೊರಟಿತು. ಎಷ್ಟೋ ದೂರ ಹೋದ ಮೇಲೆ ಯಾರೋ ಮೊಳೆ ನೋಡಿದರು.

ಎಚ್ಚರವಾದಾಗ ಮೇಲೆ ಒಂದೇ ಕೂಗಾಟ. ಎದ್ದು ಓಡಿದೆ. "ಏನಾಯ್ತು?" ಅಂದೆ. ಮಂಜಿನೊಳಗಿಂದ ಯಾರೋ, "ನಮ್ಮೋನೊಬ್ಬ ದಡದಲ್ಲೇ ಉಳಿದವ್ನೆ, ಕೂಗು" ಅಂದರು. ಪಾಪ, ಯಾವ ತಾಯಿ ಮಗನೋ ಅಂತ ಎಲ್ಲರಿಗಿಂತ ಜೋರಾಗಿ ಕೂಗಿದೆ. ನನ್ನ ಗಂಟಲು ಕಪಿಲೆ ಹೊಡೆದ ಗಂಟಲು, ಮೂರೂರಿಗೆ ಕೇಳುತ್ತೆ. ದೊಡ್ಡ ದೀಪ ಹಾಕಿ, ತಗಡು ಬಡಿದು, ಕೂಗ್ತಾ ಕೂಗ್ತಾ ದೋಣಿ ಬಂದ ದಾರಿಯಲ್ಲೇ ತಿರುಗಿ ಹೊರಟಿತು. ಆ ತಿರುವಿನಲ್ಲಿ ವೈರಿ ದೋಣಿಯೊಂದು ನಮಗೇ ಅಂತ ಅಡಗಿ ಕಾಯ್ತಾ ಇತ್ತಂತೆ. ಈ ಗದ್ದಲ ಕೇಳಿ, ಇಷ್ಟು ಧೈರ್ಯವಾಗಿ ಬರ್ತಾರೆ ಅಂದ್ರೆ ಹಿಂದೆ ಇಡೀ ದಂಡೇ ಬರ್ತಿರಬೇಕು ಅಂದ್ಕೊಂಡು ಓಟ ಕಿತ್ತಿತು.

ಬಿಸಿಲು ಏರಿ ಮಂಜು ಹರೀತು. ಸಾಹೇಬರು ನನ್ನ ಪಕ್ಕದಲ್ಲೇ ನಿಂತಿದ್ದರು.

"ಯಾರನ್ನ ಹುಡುಕ್ತಿದ್ದೀಯಾ?"

"ಕಾಣೆಯಾದವನನ್ನ ಸಾರ್."

"ಯಾರು ಕಾಣೆಯಾದವನು?"

"ಗೊತ್ತಿಲ್ಲ ಸಾರ್. ಆದ್ರೆ ಸಿಗೋತನಕ ನಾನು ಬಿಡೋನಲ್ಲ."

ಸಾಹೇಬರು ಮೊಳೆಯಿಂದ ಬಿಲ್ಲೆ ತೆಗೆದು ನನ್ನ ಕೈಗಿಟ್ಟರು. "ಇನ್ನೊಂದು ತಪ್ಪು ಮಾಡು, ಬಂಗಾರಪೇಟೆ ರೈಲು ಹತ್ತಿಸ್ತೀನಿ" ಅಂದರು. ನನಗೆ ಕಣ್ಣ ಮುಂದೆ ರೈಲು ಬರಲಿಲ್ಲ. ಮಾವನ ಹಲ್ಲು ಬಂತು. ವೈರಿ ದೋಣೀನ ಹೆದರಿಸಿ ಓಡಿಸಿದ್ದು ಯಾರ ಗಂಟಲು ಅಂತ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ.

೩. ಎತ್ತಿಗೆ ಪಾಠ

ಕಪಿಲೆ ಅಂದೆನಲ್ಲ, ಈಗಿನ ಬೋರ್‌ವೆಲ್ ಮಕ್ಕಳಿಗೆ ಅದು ತಿಳಿಯಲ್ಲ. ಬಾವಿಯಿಂದ ಎತ್ತು ಕಟ್ಟಿ ನೀರು ಎತ್ತೋದು. ದೊಡ್ಡ ಚರ್ಮದ ಚೀಲಕ್ಕೆ ಹಗ್ಗ, ಹಗ್ಗಕ್ಕೆ ಜೋಡೆತ್ತು. ಎತ್ತು ಇಳಿಜಾರಿನಲ್ಲಿ ಮುಂದಕ್ಕೆ ಹೋದ್ರೆ ಚೀಲ ಮೇಲೆ ಬರುತ್ತೆ. ಆಮೇಲೆ ಎತ್ತು ಹಾಗೇ ಹಿಂದಕ್ಕೆ ಹೆಜ್ಜೆ ಹಾಕಿದ್ರೆ ಚೀಲ ಮತ್ತೆ ಕೆಳಗೆ. ಹೊಡೆಯೋನು ಹಗ್ಗದ ಮೇಲೆ ಕೂತ್ಕೊಂಡು ಪದ ಹೇಳ್ಕೊಂಡು ಹೋಗ್ತಾನೆ.

ಆ ಹೊಳೆಗಳಿಗೆ ಸಮುದ್ರದ ಏರಿಳಿತ ಉಂಟು. ಇದ್ದ ನೀರು ಇದ್ದಕ್ಕಿದ್ದ ಹಾಗೆ ಇಳಿದು, ನಮ್ಮ ದೋಣಿ ಒಂದು ಮಧ್ಯಾಹ್ನ ಕೆಸರಿನಲ್ಲಿ ಕೂತೇಬಿಟ್ಟಿತು. ಎಂಜಿನ್ ಎಷ್ಟು ಅರಚಿದ್ರೂ ಅಲ್ಲಾಡಲಿಲ್ಲ. ನಾನು ಮುಂದೆ ಬಂದೆ. "ಸಾರ್, ಜೋಡೆತ್ತು ಕೊಡಿಸಿ, ದೋಣಿ ಏನು, ಊರೇ ಎಳೀತೀನಿ." ನಂದಿದುರ್ಗದವನು ಗುಂಡಿಯಿಂದ ತಲೆ ಎತ್ತಿ, "ವೇಂಡಾಂಡಾ ಮಚ್ಚಾ, ಬ್ಯಾಡ ಕಣೋ, ರೈಲು ಜ್ಞಾಪಕ ಐತಾ?" ಅಂದ. ನಾನು ಕೇಳಲಿಲ್ಲ.

ಪಕ್ಕದ ಹಳ್ಳಿಯ ರೈತ ನಗ್ತಾ ನಗ್ತಾ ಎತ್ತು ಕೊಟ್ಟ. ದಡ ಬಾಗಿದ ಕಡೆಗೆ ಹೋಗಿ ದೋಣಿಗೂ ಎತ್ತಿನ ನೊಗಕ್ಕೂ ಹಗ್ಗ ಕಟ್ಟಿ, ಕಪಿಲೆಯಲ್ಲಿ ಕೂರೋ ಹಾಗೇ ಹಗ್ಗದ ಮೇಲೆ ಕೂತು, ಪದ ಶುರು ಮಾಡಿದೆ. ಎತ್ತು ಎಳೀತು. ಹೊತ್ತಿಗೆ ಸರಿಯಾಗಿ ನೀರೂ ಏರ್ತಾ ಬಂತು. ನೀರಿನಿಂದ ಅಂತ ಬೇರೆಯವರು ಹೇಳ್ತಾರೆ, ನನ್ನ ಪದದಿಂದ ಅಂತ ನನಗೆ ಗೊತ್ತು, ದೋಣಿ ಜಾರಿ ತೇಲಿತು. ಎಲ್ಲರೂ ಕೇಕೆ ಹಾಕಿದರು.

ಅಲ್ಲೇ ನನ್ನ ಬಾಯಿ ಕೆಟ್ಟಿದ್ದು. ಚೀಲ ಮೇಲೆ ಬಂದ ಕೂಡಲೆ ಎತ್ತಿಗೆ "ಇಂದಕ್ಕೆ, ಇಂದಕ್ಕೆ" ಅನ್ನೋದು ಚಿಕ್ಕಂದಿನ ಅಭ್ಯಾಸ. ಅಂದುಬಿಟ್ಟೆ. ಬಂಗಾಳದ ಎತ್ತುಗಳಿಗೆ ಹಿಂದಕ್ಕೆ ನಡೆಯೋದು ಯಾರೂ ಕಲಿಸಿರಲಿಲ್ಲ, ಅವು ನನ್ನ ಮುಖ ನೋಡಿದವು. ಅಷ್ಟರಲ್ಲಿ ಸೆಳವು ದೋಣೀನ ಹೊಳೆ ನಡುವಿಗೆ ಎಳೀತು. ಹಗ್ಗ ಬಿಗೀತು. ಎತ್ತು, ಹಗ್ಗ, ಹಗ್ಗದ ಮೇಲೆ ನಾನು, ಎಲ್ಲ ಒಟ್ಟಿಗೆ ಹಿಂದಕ್ಕೆ ಹೊರಟೆವು. ಕಪಿಲೆಯಲ್ಲಿ ಕೂಡ ಎತ್ತು ಇಷ್ಟು ಚೆಂದವಾಗಿ ಹಿಂದಕ್ಕೆ ನಡೆದಿದ್ದು ನಾನು ಕಂಡಿಲ್ಲ. ಸೀದಾ ಹೊಳೆಗೆ.

ದೋಣಿಯವರು ಹಗ್ಗ ಬಿಟ್ಟರು. ಎತ್ತುಗಳು ಆರಾಮವಾಗಿ ಈಜಿದವು. ನಾನು ಕಣ್ಣು ಮುಚ್ಚಿ ಕೈಗೆ ಸಿಕ್ಕ ಬಾಲ ಹಿಡ್ಕೊಂಡೆ, ಬಿಡಲಿಲ್ಲ. ಕಣ್ಣು ಬಿಟ್ಟಾಗ ದಡದಲ್ಲಿದ್ದೆ. ದೂರದಿಂದ ನೋಡ್ತಿದ್ದ ಸಾಹೇಬರಿಗೆ ಬಾಲ ಕಾಣಲಿಲ್ಲ, ಎತ್ತುಗಳ ಹಿಂದೆ ತೇಲ್ತಾ ಬರೋ ನನ್ನ ತಲೆ ಕಾಣಿಸಿತ್ತು. "ಎತ್ತು ಕಾಪಾಡೋಕೆ ಹೊಳೆಗೆ ಹಾರಿದ ಗಂಡು ಇವನು" ಅಂತ ಎಲ್ಲರ ಮುಂದೆ ತಬ್ಬಿಕೊಂಡರು. ರೈಲಿನ ಮಾತು ಅವತ್ತಿಗೆ ಮುಗೀತು. ಆ ಎತ್ತು ಮಾತ್ರ ಹೋಗುವಾಗ ನನ್ನನ್ನ ನೋಡಿದ ನೋಟ, ಪಂಚಾಯ್ತಿ ಸೇರಿಸೋ ಹಾಗಿತ್ತು.

೪. ಮಾವನ ಬಾವಿ

ಯುದ್ಧ ಗೆದ್ದೆವು. ನಾನು ದೋಣಿಯಲ್ಲೇ ಇದ್ದೆ. ರಜಾ ಸಿಕ್ಕಾಗ ಬೇಸಿಗೆ. ನನಗಿಂತ ಮುಂಚೆ ನಂದಿದುರ್ಗದವನು ಊರು ಸೇರಿ, ನನ್ನ ಮೇಲಿನ ಪ್ರೀತಿಗೆ ಸಿಕ್ಕಸಿಕ್ಕವರಿಗೆಲ್ಲ ಸುದ್ದಿ ಹರಡಿದ್ದ. ನಾನು ಕ್ಯಾಸಂಬಳ್ಳಿ ಬಸ್ಸು ಇಳಿಯೋ ಹೊತ್ತಿಗೆ ನಾನು ಹೊಳೆಯಲ್ಲಿ ಎರಡು ಎತ್ತನ್ನ ಎರಡು ಕಂಕುಳಲ್ಲಿ ಇಟ್ಕೊಂಡು ಈಜಿದ್ದೆ.

ಮಾವ ಮೀಸೆ ತಿರುವ್ತಾ ಕಾಯ್ತಿದ್ದ. "ಬಾರಪ್ಪಾ ಅಳಿಮಯ್ಯ. ಕೊಟ್ಟ ಮಾತು ಕೊಟ್ಟಿದ್ದೇ. ಆದ್ರೆ ಊರೋರು ನಂಬ್ತಾ ಇಲ್ಲ ಕಣ್ಲಾ. ನಾಳೆ ನಮ್ಮ ಬಾವಿಯಾಗೆ ಈ ದಡದಿಂದ ಆ ದಡಕ್ಕೆ ಒಂದು ಕಿತ ಈಜ್ಬುಡು. ಅಲ್ಲೇ ತಾಂಬೂಲ. ಇಲ್ದಿದ್ರೆ ಬಂದ ಬಸ್ಸೇ ಐತೆ."

ಸಂಜೆ ಹುಲ್ಲಿನ ಮೆದೆ ಹಿಂದೆ ಅವಳು ಸಿಕ್ಕಳು.

"ನಿಜ ಏಳು, ಈಜು ಬತ್ತದಾ?"

"ಎತ್ತಿನ ಬಾಲ ಇದ್ರೆ ಬತ್ತದೆ."

ಅವಳು ನನ್ನನ್ನ ಮೇಲಿಂದ ಕೆಳಗೆ ನೋಡಿದಳು. "ಇದಕ್ಕೆ ನಾನು ಕಾಯ್ಕೊಂಡು ಕೂತಿದ್ನಾ" ಅಂದಳು. ಆಮೇಲೆ ಸ್ವಲ್ಪ ಯೋಚನೆ ಮಾಡಿ, "ಬೆಳಿಗ್ಗೆ ಆಗಕ್ಕಿಲ್ಲ, ಉಂಡ ಮ್ಯಾಲೆ ಅಂತ ಅಪ್ಪಂಗೆ ಏಳು. ಮಿಕ್ಕಿದ್ದು ಕೇಳಬ್ಯಾಡ" ಅಂದಳು.

ನೇವಿಯೋರು ಮುದ್ದೆ ಉಣ್ಣದೆ ನೀರಿಗೆ ಇಳಿಯೋ ಪದ್ಧತಿ ಇಲ್ಲ ಅಂತ ಮಾವನಿಗೆ ಹೇಳಿದೆ. ಆತ ಬೆಳಿಗ್ಗೆ ಎದ್ದು ಸುತ್ತಲ ಹಳ್ಳಿಗಳಿಗೆ ಸೈಕಲ್ ಹತ್ತಿ, ಅಳಿಯನ ಈಜು ನೋಡೋಕೆ ಬನ್ನಿ ಅಂತ ಕರೆಯೋಕೆ ಹೋದ. ಮಧ್ಯಾಹ್ನಕ್ಕೆ ಬಾವಿ ಸುತ್ತ ಜನವೋ ಜನ. ಮರದ ಮೇಲೂ ಜನ. ನಾನು ಅಂಗಿ ಬಿಚ್ಚಿ, ಕಂಡ ದೇವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದು, ಕಣ್ಣು ಮುಚ್ಚಿ ಬಾವಿ ಮೆಟ್ಟಿಲ ಮೇಲೆ ನಿಂತೆ. ಮಾವ ಎಲ್ಲರಿಗಿಂತ ಮುಂದೆ ಬಂದು ಬಾವಿಯೊಳಕ್ಕೆ ಬಗ್ಗಿ ನೋಡಿದ. ಬಗ್ಗಿದವನು ಏಳಲಿಲ್ಲ.

ನಾನೂ ಕಣ್ಣು ಬಿಟ್ಟೆ. ತಳದಲ್ಲಿ ಅಂಗೈಯಗಲ ಕೆಸರು. ಅದರಲ್ಲಿ ಎರಡು ಕಪ್ಪೆ ಕೂತು ನಮ್ಮನ್ನೇ ನೋಡ್ತಿದ್ದವು.

ಹೋದ ಪ್ರಾಣ ಓಡಿ ಬಂತು, ಜೊತೆಗೆ ನನ್ನ ಬಾಯೂ ಬಂತು. "ಏನ್ ಮಾವಾ ಇದು? ಪದ್ಮಾ ನದಿ ಕಂಡವನನ್ನ ಕರೆದು ಇಂಥ ಬಾವಿ ತೋರಿಸ್ತೀಯಾ? ನೀರು ತರ್ಸು, ಈಜ್ತೀನಿ. ನಾನು ಎಲ್ಲೂ ಓಗಲ್ಲ, ಇಲ್ಲೇ ನಿಂತಿರ್ತೀನಿ."

ಮಾವ ಮಗಳ ಕಡೆ ತಿರುಗಿದ. "ಏನಮ್ಮಿ, ನೀರೆಲ್ಲಿ?"

ಅವಳು ಎತ್ತುಗಳಿಗೆ ಹುಲ್ಲು ಹಾಕ್ತಾ, "ಬದ್ನೆ ಗಿಡ ಒಣಗ್ತಿತ್ತು. ಬೆಳಿಗ್ಗೆಯಿಂದ ಕಪಿಲೆ ಎಳ್ಸಿ ನೀರು ಕಟ್ದೆ" ಅಂದಳು.

ಎಲ್ಲರೂ ಬದನೆ ತೋಟದ ಕಡೆ ನೋಡಿದರು. ತೋಟವಿರಲಿಲ್ಲ, ಕೆರೆಯಿತ್ತು. ಮರದ ಮೇಲಿದ್ದವನೊಬ್ಬ ಕೂಗಿದ, "ಏಮಯ್ಯಾ, ಈಜು ನೋಡಬೇಕಾ? ಅಲ್ಲಿ ನೋಡು, ಬದ್ನೆಕಾಯಿ ಎಷ್ಟು ಚೆನ್ನಾಗಿ ಈಜ್ತಾ ಅವೆ."

ಜನ ಬಿದ್ದು ಬಿದ್ದು ನಕ್ಕರು. ಮಾವ ನಗಲಿಲ್ಲ. ಮಗಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದ. ಹಗ್ಗ ಉಜ್ಜಿ ಬೊಬ್ಬೆ ಎದ್ದು, ಅಂಗೈ ಕೆಂಪಗಾಗಿತ್ತು. ಆಮೇಲೆ ಹೆಂಡತಿ ಕಡೆ ತಿರುಗಿ, "ತಾಂಬೂಲ ತಗೊಂಬಾ" ಅಂದ. "ಇವನಿಗೆ ಈಜು ಬಂದ್ರೇನು, ಬರದಿದ್ರೇನು. ದೋಣಿ ಓಡ್ಸೋಳು ಇವಳು."

ಅವತ್ತಿನಿಂದ ಇವತ್ತಿನವರೆಗೆ ಓಡಿಸ್ತಾನೇ ಇದ್ದಾಳೆ. ಕಪಿಲೆ ಹೋಯ್ತು, ಎತ್ತು ಹೋಯ್ತು, ಬಾವಿಯೂ ಮುಚ್ಚಿಹೋಯ್ತು. ನಾನು ಟೀ ಅಂಗಡಿಯಲ್ಲಿ ಬಂಗಾಳದ ಹೊಳೆಗಳನ್ನೆಲ್ಲ ದಾಟಿ, ಎದೆ ಉಬ್ಬಿಸ್ಕೊಂಡು ಮನೆಗೆ ಬಂದು ಸ್ನಾನಕ್ಕೆ ಕೂರ್ತೀನಿ. ತಂಬಿಗೆ ಮುಟ್ಟೋದಕ್ಕೂ ಬಿಡಲ್ಲ, ಬಾಗಿಲ ಆಚೆಯಿಂದ ಅವಳ ದನಿ:

"ಏನ್ರೀ, ಬಕೆಟ್ ತುಂಬಾ ಆಳ ಐತಾ? ಸ್ವಲ್ಪ ಬದ್ನೆ ಗಿಡಕ್ಕೆ ಉಯ್ಲಾ?"