ಹದಿಮೂರನೇ ಭಾಗ

ಟೈಲರಮ್ಮ: ಕೊಡಲ್ಲ ಅಂದ್ರೆ ಏನ್ ಸಾರ್ ಅರ್ಥ? ಇದೇನು ಗ್ರಂಥಾಲಯನೋ, ಪೊಲೀಸ್ ಠಾಣೇನೋ?

ಗುಮಾಸ್ತ: ಮೆಲ್ಲಗೆ ಮಾತಾಡಿ. ಇಲ್ಲಿ ಓದೋರಿದ್ದಾರೆ.

ಟೈಲರಮ್ಮ: ಎಲ್ಲಿ? ಅಲ್ಲೊಬ್ಬರು ಪೇಪರ್ ಮುಖದ ಮೇಲೆ ಹೊದ್ಕೊಂಡು ಗೊರಕೆ ಹೊಡೀತಿದ್ದಾರೆ, ಅಷ್ಟೆ.

ಗುಮಾಸ್ತ: ಅವರು ದಿನಾ ಬರೋ ಸದಸ್ಯರು. ನೋಡಿಮ್ಮ, ಆ ಕಾದಂಬರಿ ನಿಷೇಧ ಆಗಿದೆ. ಎಪ್ಪತ್ತು ವರ್ಷ ಆಯ್ತು. ನಾನು ಹುಟ್ಟೋಕೆ ಮುಂಚೇನೇ ಆಗಿದೆ, ನನ್ನ ತಲೆ ಯಾಕೆ ತಿಂತೀರಿ?

ಗುಮಾಸ್ತರು ಕೆಟ್ಟ ಮನುಷ್ಯರೇನಲ್ಲ. ನಿಯಮವೆಂದರೆ ಹೆಂಡತಿ ಮಕ್ಕಳಿಗಿಂತ ಒಂದು ತೂಕ ಹೆಚ್ಚು, ಅಷ್ಟೇ. ಎದುರಿಗೆ ನಿಂತ ಟೈಲರಮ್ಮ ಅಂಗಡಿಯಿಂದ ನೇರವಾಗಿ ಓಡಿಬಂದಿದ್ದಾರೆ. ಅಳತೆ ಟೇಪು ಇನ್ನೂ ಕೊರಳಲ್ಲೇ ಇದೆ. ಕೈಯಲ್ಲಿರುವ, ಸ್ಪೀಕರ್ ಹಾಕಿದ ಮೊಬೈಲಿನ ಆ ತುದಿಯಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ಅವರ ತಾಯಿ. ವಯಸ್ಸು ಎಂಬತ್ತೆಂಟು. ಕಣ್ಣು ಮಂಜು, ಕಿವಿ ಮಾತ್ರ ಚುರುಕು.

ಅಜ್ಜಿ (ಫೋನಿನಲ್ಲಿ): ಏನಂತಾನೇ ಅವನು?

ಟೈಲರಮ್ಮ: ಆಗಲ್ಲ ಅಂತಾನೆ ಅಮ್ಮ.

ಅಜ್ಜಿ: ಹಾಗಾದ್ರೆ ನಾನೂ ಆಗಲ್ಲ ಅಂತೀನಿ. ಡಾಕ್ಟರಿಗೆ ಹೇಳ್ಬಿಡು.

ಟೈಲರಮ್ಮ: ಕೇಳಿಸ್ತಾ ಸಾರ್? ನಾಲ್ಕು ಗಂಟೆಗೆ ಇವರಿಗೆ ಸೊಂಟದ ಆಪರೇಷನ್. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಮ್ಮ ಅಂದ್ರೆ ಹಾಕಲ್ಲ. ಆ ಕಥೆಯ ಕೊನೆ ಗೊತ್ತಾಗೋ ತನಕ ಚಾಕು ಮುಟ್ಟಿಸ್ಕೊಳ್ಳಲ್ವಂತೆ.

ಅಜ್ಜಿ: ಮತ್ತಿನ್ನೇನು? ಟೇಬಲ್ ಮೇಲೇ ನಾನು ಹೋಗ್ಬಿಟ್ರೆ? ಜೊತೇಲಿ ಓದಿದ ಹುಡುಗೀರೆಲ್ಲ ಆಗ್ಲೇ ಮೇಲೆ ಹೋಗಿ ಕೂತಿದ್ದಾರೆ. ಕಾಲಿಟ್ಟ ತಕ್ಷಣ 'ಆಮೇಲೇನಾಯ್ತೇ?' ಅಂತಾರೆ. ಏನು ಹೇಳ್ಲಿ ನಾನು?

ಗುಮಾಸ್ತ: ಅಲ್ಲಿಗೂ ನಮ್ಮ ನಿಷೇಧ ಅನ್ವಯಿಸುತ್ತೋ ಇಲ್ವೋ, ನೋಡ್ಬೇಕು.

ಟೈಲರಮ್ಮ: ಅಲ್ಲ ಸಾರ್, ಹೆಂಗಸಿನ ಸಹಿ ಪಕ್ಕ ಗಂಡಸಿನ ಸಹಿ ಇರ್ಲೇಬೇಕು ಅಂತ ಒಂದು ಕಾನೂನಿತ್ತು. ಆ ಕಾನೂನನ್ನ ಬೈದು ಬರೆದ ಪುಸ್ತಕ ಇದು. ಆ ಕಾನೂನೇ ಹೋಯ್ತಲ್ಲ?

ಗುಮಾಸ್ತ: ಕಾನೂನು ಹೋಯ್ತು. ಅದನ್ನ ಬೈದಿದ್ದಕ್ಕೆ ಹಾಕಿದ ನಿಷೇಧ ಹೋಗಿಲ್ಲ. ಎರಡೂ ಬೇರೆ ಬೇರೆ ಕಡತ.

ಟೈಲರಮ್ಮ: ಹೊರಗಿನ ರಸ್ತೆಗೆ ಬರೆದವರ ಹೆಸರನ್ನೇ ಇಟ್ಟಿದ್ದೀರಿ!

ಗುಮಾಸ್ತ: ರಸ್ತೆ ನಗರಸಭೇದು. ಪುಸ್ತಕ ನಮ್ಮದು.

ಟೈಲರಮ್ಮ: ನಿಮ್ಮ ಅಂಗಳದಲ್ಲೇ ಅವರ ಪ್ರತಿಮೆ ಇದೆಯಲ್ಲ! ಕೈಲಿ ಅದೇ ಪುಸ್ತಕ ಹಿಡ್ಕೊಂಡು ನಿಂತಿದ್ದಾರೆ.

ಗುಮಾಸ್ತ: ಅದು ಕಲ್ಲಿನ ಪುಸ್ತಕ. ಬಿಚ್ಚಕ್ಕಾಗಲ್ಲ ಅಂತ ಖಾತ್ರಿ ಮಾಡ್ಕೊಂಡೇ ಅನುಮತಿ ಕೊಟ್ಟಿದ್ದು.

ಟೈಲರಮ್ಮ: ಶಾಲೆ ಪರೀಕ್ಷೇಲಿ ಪ್ರಶ್ನೆ ಕೇಳ್ತಾರಪ್ಪ! 'ಈ ಕಾದಂಬರಿ ಸಮಾಜವನ್ನು ಹೇಗೆ ಬದಲಿಸಿತು? ವಿವರಿಸಿ.'

ಗುಮಾಸ್ತ: ಗೊತ್ತು. ಹತ್ತು ಅಂಕ. ನನ್ನ ಮಗಳು ಹತ್ತಕ್ಕೆ ಹತ್ತು ತಗೊಂಡ್ಳು.

ಟೈಲರಮ್ಮ: ಓದದೇನಾ?

ಗುಮಾಸ್ತ: ಓದಿದ್ರೆ ಕೇಸಾಗ್ತಿತ್ತಲ್ಲಮ್ಮ!

ಟೈಲರಮ್ಮ ಗಡಿಯಾರ ನೋಡಿದರು. ಮೂರೂ ಹತ್ತು.

ಟೈಲರಮ್ಮ: ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ, ಹಾಗಾಯ್ತು ನಿಮ್ಮ ಕಥೆ. ಎಲ್ಲಿದೆ ನಿಷೇಧ? ತೋರ್ಸಿ. ಕಣ್ಣಾರೆ ನೋಡ್ಬಿಟ್ಟು ಸುಮ್ನೆ ಹೋಗ್ತೀನಿ.

ಗುಮಾಸ್ತರಿಗೆ ಪೌರುಷ ಬಂತು. ಒಳಗಿನ ಕೋಣೆಗೆ ಹೋದವರು ಏದುಸಿರು ಬಿಡುತ್ತ, ಎರಡೂ ಕೈಯಲ್ಲಿ ಒಂದು ಸಂಪುಟವನ್ನು ಎದೆಗವಚಿಕೊಂಡು ಬಂದು ಮೇಜಿನ ಮೇಲೆ ಕೆಡವಿದರು. ಧೂಳಿಗೆ ಇಬ್ಬರೂ ಸೀನಿದರು.

ಟೈಲರಮ್ಮ: ಇದೇನು ಸಾರ್, ದಿಂಬಿನಷ್ಟು ದಪ್ಪ ಇದೆ? ಆದೇಶ ಅಂದ್ರೆ ಒಂದು ಹಾಳೆ ತಾನೆ?

ಗುಮಾಸ್ತ: ಮುಟ್ಬೇಡಿ! ಸಿಬ್ಬಂದಿ ಬಿಟ್ಟು ಬೇರೆ ಯಾರೂ ಇದನ್ನ ಮುಟ್ಟೋ ಹಾಗಿಲ್ಲ. ಕೇಳಿ: 'ಸದರಿ ಕಾದಂಬರಿಯನ್ನು ನಿಷೇಧಿಸಲಾಗಿದೆ. ಆಕ್ಷೇಪಾರ್ಹ ಭಾಗಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಅನುಬಂಧದಲ್ಲಿ ನಕಲಿಸಿದೆ...' (ಪುಟ ತಿರುವಿ) ಅನುಬಂಧ... ಪುಟ ಎರಡರಿಂದ... ನಾನೂರ ಆರು.

ಟೈಲರಮ್ಮ: ಕಾದಂಬರಿ ಎಷ್ಟು ಪುಟ ಇತ್ತಮ್ಮಾ?

ಅಜ್ಜಿ: ನಾನೂರು ಚಿಲ್ಲರೆ.

ಇಬ್ಬರೂ ಸಂಪುಟವನ್ನೇ ನೋಡಿದರು. ಎಪ್ಪತ್ತು ವರ್ಷದ ಹಿಂದೆ ಯಾರೋ ಒಬ್ಬ ನಿಷ್ಠಾವಂತ ನಕಲುಗಾರ, ಆಕ್ಷೇಪಾರ್ಹವಾದದ್ದನ್ನೆಲ್ಲ ನಕಲು ಮಾಡು ಎಂದು ಮೇಲಿನವರು ಹೇಳಿದ್ದಕ್ಕೆ, ಒಂದಕ್ಷರ ಬಿಡದೆ ಇಡೀ ಪುಸ್ತಕವನ್ನೇ ಇಳಿಸಿಬಿಟ್ಟಂತಿತ್ತು. ಅಲ್ಪವಿರಾಮವೂ ತಪ್ಪಿರಲಿಲ್ಲ.

ಟೈಲರಮ್ಮ: ಹಾಗಾದ್ರೆ ಪುಸ್ತಕ ಬೇಡ ಸಾರ್. ಈ ಆದೇಶ ಕೊಡಿ, ನಾಳೆ ವಾಪಸ್ ತರ್ತೀನಿ.

ಗುಮಾಸ್ತ: ಆದೇಶ ಮನೆಗೆ ಕೊಡಲ್ಲ.

ಟೈಲರಮ್ಮ: ನಿಮ್ಮ ತಲೆ ಹಿಂದಿನ ಬೋರ್ಡು ಓದಿ. ಒಂಬತ್ತನೇ ನಿಯಮ.

ಗುಮಾಸ್ತ (ಕತ್ತು ತಿರುಗಿಸಿ): 'ಓದಲಾಗದ ನಾಗರಿಕರು ಕೇಳಿದಲ್ಲಿ, ಸರ್ಕಾರಿ ಆದೇಶವನ್ನು ಸಿಬ್ಬಂದಿಯು ಗಟ್ಟಿಯಾಗಿ ಓದಿ ಹೇಳತಕ್ಕದ್ದು.' ಅಯ್ಯೋ, ಇದು ಸುಧಾರಣೆ ಕಾಲದ್ದು ಕಣಮ್ಮ. ಇದುವರೆಗೆ ಒಬ್ಬರೂ ಕೇಳಿಲ್ಲ.

ಅಜ್ಜಿ: ನಾನು ಕೇಳ್ತಿದ್ದೀನಪ್ಪ. ನನಗೆ ಕಣ್ಣು ಕಾಣಲ್ಲ. ಗಟ್ಟಿಯಾಗಿ ಓದು.

ನಿಯಮವನ್ನು ನಿಯಮವೇ ಕಟ್ಟಿಹಾಕಿದರೆ ಗುಮಾಸ್ತರು ಏನು ಮಾಡಿಯಾರು? ಕನ್ನಡಕ ಏರಿಸಿದರು.

ಅಜ್ಜಿ: ಮೊದಲಿಂದ ಬೇಡ. ಹನ್ನೆರಡನೇ ಭಾಗದ ಕೊನೆ ತೆಗಿ. ತಿಂಗಳಿಗೊಂದು ಭಾಗ ಅಚ್ಚಾಗಿ ಬರ್ತಿತ್ತು. ಹನ್ನೆರಡು ಬಂತು. ಹದಿಮೂರನೇದನ್ನ ಪ್ರೆಸ್ಸಲ್ಲೇ ಜಪ್ತಿ ಮಾಡಿದ್ರು ಪಾಪಿಗಳು. ಊರಲ್ಲಿ ಒಬ್ಬರೂ ಕೊನೆ ಓದಿಲ್ಲ.

ಗುಮಾಸ್ತ: 'ಅವಳು ಕಚೇರಿಯ ಮೆಟ್ಟಿಲು ಹತ್ತಿದಳು. ನಿನ್ನ ಗಂಡ ಎಲ್ಲಿ, ಎಂದನು ಗುಮಾಸ್ತ. ಗಂಡ ಮನೆಯಲ್ಲಿ, ಸಹಿ ನನ್ನಲ್ಲಿ, ಎಂದಳು. ಪೆನ್ನನ್ನು ಮಸಿಯಲ್ಲಿ ಅದ್ದಿದಳು...' ಥೂ, ಎಂಥಾ ಕಡೆ ನಿಲ್ಲಿಸಿದ್ದಾರ್ರೀ!

ಪೇಪರ್ ಹೊದ್ದಿದ್ದ ಸದಸ್ಯರು ಯಾವಾಗಲೋ ಎದ್ದು ಕೂತಿದ್ದರು. ಗುಮಾಸ್ತರು ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. ಗ್ರಂಥಾಲಯದಲ್ಲಿ ಹಾಗೆ ಮಾಡುವುದು ನಿಷೇಧ.

ಟೈಲರಮ್ಮ: ಬೇಗ ಸಾರ್!

ಗುಮಾಸ್ತ: ಹದಿಮೂರು... ಕಥೆ ಇಲ್ಲಮ್ಮ ಇಲ್ಲಿ. ಒಂದು ಟಿಪ್ಪಣಿ ಇದೆ. 'ಹದಿಮೂರನೇ ಭಾಗವನ್ನು ಪರಿಶೀಲಿಸಲಾಯಿತು. ಇದರಲ್ಲಿ ನಾಯಕಿಯು ಪೆನ್ನನ್ನು ಕೆಳಗಿಟ್ಟು, ಮನೆಗೆ ಮರಳಿ, ಗಂಡನ ಕ್ಷಮೆ ಕೇಳುವುದರಿಂದ ಆಕ್ಷೇಪಾರ್ಹವಾದದ್ದು ಏನೂ ಇಲ್ಲ. ಸಮಾಜಕ್ಕೆ ಹಿತಕರ. ನಕಲು ಅನಗತ್ಯ. ಆದರೂ ಹಿಂದಿನ ಹನ್ನೆರಡು ಭಾಗಗಳ ಸಹವಾಸದಲ್ಲಿದ್ದ ಕಾರಣ ಇದನ್ನೂ ಜಪ್ತಿ ಮಾಡಿದೆ.'

ಟೈಲರಮ್ಮ ಫೋನನ್ನು ಬಾಯಿಯ ಹತ್ತಿರ ತಂದರು.

ಟೈಲರಮ್ಮ: ಅಮ್ಮಾ? ಅಮ್ಮಾ, ಬೇಜಾರು ಮಾಡ್ಕೋಬೇಡಮ್ಮ...

ಅಜ್ಜಿ: ಕ್ಷಮೆ ಕೇಳಿದ್ಳಾ?

ಗುಮಾಸ್ತ: ಹಾಗಂತ ಬರೆದಿದೆ ಅಜ್ಜಿ. ನನಗೂ ಹೊಟ್ಟೆ ಉರೀತಿದೆ.

ಅಜ್ಜಿ: ಅಯ್ಯೋ ಅವಳ ಮನೆ ಹಾಳಾಗ! ಅವಳು ಸಹಿ ಹಾಕೇ ಇರ್ತಾಳೆ ಅಂತ ನಂಬ್ಕೊಂಡಲ್ವೇ ನಾನು ಹೊಲಿಗೆ ಶಾಲೆ ಅರ್ಜೀಗೆ ನಮ್ಮಪ್ಪನ್ನ ಕೇಳದೆ ಒಬ್ಬಳೇ ಸಹಿ ಹಾಕಿದ್ದು! ಮಾರನೇ ದಿನ ನಲವತ್ತು ಜನ ಹಾಕಿದ್ರು. ತಿಂಗಳಲ್ಲಿ ಊರಿನ ಹೆಂಗಸರೆಲ್ಲ ಹಾಕಿದ್ರು. ಅರ್ಜಿ ವಾಪಸ್ ಕಳಿಸಿ ಕಳಿಸಿ ಕಚೇರೀಲಿ ಕವರೇ ಮುಗಿದುಹೋಯ್ತು. ಆಮೇಲೆ ತಾನೇ ಅವರು ಕಾನೂನು ಬದಲಾಯಿಸಿದ್ದು!

ಗುಮಾಸ್ತ: ಅಂದ್ರೆ... ಹದಿಮೂರನೇ ಭಾಗ ನಿಮ್ಮ ಕೈಗೆ ಬಂದಿದ್ರೆ?

ಅಜ್ಜಿ: ನಾವೂ ಅತ್ತು, ಮೂಗು ಒರೆಸ್ಕೊಂಡು ಮನೇಲಿರ್ತಿದ್ವಿ. ನಿಮ್ಮ ಇಲಾಖೆ ಕಾಪಾಡ್ತು ಕಣಪ್ಪ. (ಆಚೆಗೆ ತಿರುಗಿ) ಸಿಸ್ಟರ್, ತಗೊಂಡು ಬಾಮ್ಮ ಆ ಕಾಗದ, ಸಹಿ ಹಾಕ್ತೀನಿ. ಮೇಲೆ ಆ ಹುಡುಗೀರಿಗೆ ಏನು ಹೇಳ್ಬೇಕು ಅಂತ ಗೊತ್ತಾಯ್ತು.

ಟೈಲರಮ್ಮ: ಏನ್ ಹೇಳ್ತೀಯಮ್ಮಾ?

ಅಜ್ಜಿ: ಸಹಿ ಹಾಕಿದ್ಳು ಅಂತೀನಿ. ಇನ್ನೇನು ಅನ್ಲಿ? ಏ ಗುಮಾಸ್ತಪ್ಪ, ಆ ಹದಿಮೂರನೇ ಭಾಗ ಎಲ್ಲಾದ್ರೂ ಸಿಕ್ರೆ ಭದ್ರವಾಗಿ ಬೀಗ ಹಾಕಿಡು. ನಿನ್ನ ಮಗಳ ಕೈಗೆ ಮಾತ್ರ ಸಿಗಬಾರ್ದು!